ಮೂವತ್ತನಾಲ್ಕನೇ ನಂಬರು

ಭಾನುವಾರ ಜುಂಬೇರನ ವ್ಯಾನು ಬರುತ್ತದೆ
ಇಟಲಿಯಿಂದ, ನಾಲ್ಕು ದಿನದ ಧೂಳು ಹೊತ್ತು,
ಜೆಸ್ತಫೋನಿಯ ಬಸ್ ನಿಲ್ದಾಣದ ಹಿಂದಕ್ಕೆ.
ಅವನು ಹೆಸರು ಕೂಗುತ್ತಾನೆ.
ಗಂಡಸರು, ಮುದುಕಿಯರು, ಮಕ್ಕಳು ಸಾಲಾಗಿ ನಿಂತಿರುತ್ತೇವೆ.
ನಮ್ಮ ಒಂದೊಂದು ಮನೆಯಿಂದ ಒಬ್ಬೊಬ್ಬ ಹೆಂಗಸನ್ನು
ಒಯ್ದದ್ದೂ ಇದೇ ವ್ಯಾನು.

"ಲಾಮಾರಾ ಮನೆಯವರು!"
ಅಪ್ಪ ಕೈ ಎತ್ತುತ್ತಾನೆ, ಉಗುರಲ್ಲಿ ಕುಲುಮೆಯ ಮಸಿ.
ಪೆಟ್ಟಿಗೆಯ ಟೇಪನ್ನು ಹಲ್ಲಿಂದ ಕಡಿಯುವುದು ನನ್ನ ಕೆಲಸ.
ಪಾಸ್ತಾ. ಕಾಫಿಪುಡಿ. ನಿಂಬೆ ವಾಸನೆಯ ಸೋಪು, ಆರು.
ಅಪ್ಪನಿಗೊಂದು ಅಂಗಿ.
ನನಗೆ ಕೆಂಪು ಬೂಟು, ನಂಬರು ಮೂವತ್ತನಾಲ್ಕು.

ಅಮ್ಮ ಹೋದಾಗ ನನ್ನ ಕಾಲು ಮೂವತ್ತನಾಲ್ಕು.
ಈಗ ಮೂವತ್ತೇಳು.

ಮೊದಲ ಸಲವೇ ಹೇಳಿದ್ದರೆ ಮುಗಿಯುತ್ತಿತ್ತು.
ಆದರೆ ಫೋನಿನಲ್ಲಿ "ಸರಿಯಾಯ್ತಾ?" ಎಂದಳಲ್ಲ,
ಅದು ಕೇಳಿದಂತಿರಲಿಲ್ಲ, ಬೇಡಿದಂತಿತ್ತು.
ಸರಿಯಾಯ್ತು ಅಂದೆ.
ಬೆರಳು ಮಡಚಿ, ನಿಂತು, ತೋರಿಸಿದೆ.
ಆಮೇಲೆ ಬಂದವೆಲ್ಲ ಅದೇ ನಂಬರು.
ಮಕ್ಕಳ ಕಾಲು ಬೆಳೆಯುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ.
ಅಂಗಡಿಯಲ್ಲಿ ಮೂವತ್ತೈದನ್ನು ಕೈಗೆತ್ತಿಕೊಂಡು
ಮತ್ತೆ ಕೆಳಗಿಟ್ಟಳೋ ಏನೋ.

ಬೂಟು ಕಚ್ಚುತ್ತದೆ.
ಗುಳ್ಳೆ ಒಡೆದು ಕಾಲುಚೀಲಕ್ಕೆ ಅಂಟಿ
ಸಂಜೆ ಬಿಡಿಸುವಾಗ ಉಸಿರು ಹಿಡಿಯಬೇಕು.
ಅಪ್ಪ ನೋಡುವುದಿಲ್ಲ. ರಾತ್ರಿಪಾಳಿ ಮುಗಿಸಿ ಬಂದು
ರೊಟ್ಟಿ ಮುರಿಯುತ್ತ, ಉಪ್ಪೆಲ್ಲಿ, ಅನ್ನುತ್ತಾನೆ.
ಉಪ್ಪು ಅವನ ಮುಂದೆಯೇ ಇರುತ್ತದೆ.
ಹೋಗು ಅಂದವನೂ ಅವನೇ,
ಹೋದಳೆಂದು ಮುನಿದವನೂ ಅವನೇ.

ಬಾರಿ ಎಂಬ ಆ ಊರಿನಲ್ಲಿ ಅಮ್ಮ ನೋಡಿಕೊಳ್ಳುವುದು
ತೊಂಬತ್ತೊಂದು ವರ್ಷದ ಒಬ್ಬ ಮುದುಕಿಯನ್ನು.
ನಾವು ಮಾತಾಡುವಾಗ ಒಳಗಿನಿಂದ ಕೂಗುತ್ತಾಳೆ: "ಮಮ್ಮಾ!"
ನಮ್ಮ ಭಾಷೆಯಲ್ಲಿ ಮಾಮಾ ಎಂದರೆ ಅಪ್ಪ.
ಪ್ರತಿ ಸಲ ನಾನು ಅಪ್ಪನ ಕಡೆ ತಿರುಗುತ್ತೇನೆ,
ಅವನೂ ತಲೆ ಎತ್ತುತ್ತಾನೆ, ಯಾರೋ ಕರೆದರೆಂದು.
ಕರೆದದ್ದು ಅವನನ್ನಲ್ಲ.
ಆ ಮುದಿ ಕೂಸಿಗೆ ಅಮ್ಮ ಅದರ ಭಾಷೆಯಲ್ಲೇ
ಬಂದೆ ಬಂದೆ ಅನ್ನುತ್ತ ಏಳುತ್ತಾಳೆ.
ಯಾರೂ ಅರ್ಥ ಹೇಳಬೇಕಿಲ್ಲ.
ಆ ದನಿ ನನ್ನದಾಗಿತ್ತು,
ಎಲ್ಲಿಟ್ಟಿದ್ದೆನೋ ಮರೆತಿದ್ದೆ.
ಪರದೆಯಲ್ಲಿ ಉಳಿಯುವುದು ಖಾಲಿ ಕುರ್ಚಿ,
ಕುರ್ಚಿಯ ಮೇಲೆ ಬಾಚಣಿಗೆ,
ಬಾಚಣಿಗೆಯಲ್ಲಿ ಬಿಳಿ ಕೂದಲು.

ಮೊನ್ನೆ ಫೋನು ಇಟ್ಟ ಮೇಲೆ ನೀರು ಕುಡಿಯಲು ಹೋದೆ.
ಅಪ್ಪ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದ,
ಹೊಸ ಅಂಗಿಯ ಕೊರಳ ಗುಂಡಿಯೊಂದಿಗೆ ಗುದ್ದಾಡುತ್ತ.
ಕೊನೆಗೆ ಬಿಚ್ಚಿಕೊಂಡಿತು.
ಕತ್ತಿನ ಸುತ್ತ ಕೆಂಪು ಗೆರೆ.
ಮುಳುಗಿ ಎದ್ದವನಂತೆ ಉಸಿರೆಳೆದುಕೊಂಡ.
ನನ್ನನ್ನು ಕಂಡ.
ನನ್ನ ಬರಿಗಾಲನ್ನೂ, ಹಿಮ್ಮಡಿಯನ್ನೂ.

ಏನೂ ಅನ್ನಲಿಲ್ಲ. ನಾನೂ.

ಆ ರಾತ್ರಿ ಲೆಕ್ಕದ ಪುಸ್ತಕದ ಚೌಕಳಿ ಹಾಳೆ ಹರಿದು
ನೆಲದ ಮೇಲಿಟ್ಟು, ಅದರ ಮೇಲೆ ನಿಂತು,
ಕಾಲಿನ ಸುತ್ತ ಪೆನ್ಸಿಲು ಎಳೆದೆ.
ಕಿರುಬೆರಳ ಹತ್ತಿರ ಗೆರೆ ತಪ್ಪಿತು, ಅಳಿಸಲಿಲ್ಲ.
ಬಾಗಿಲಲ್ಲಿ ಅಪ್ಪ ಎಷ್ಟು ಹೊತ್ತಿನಿಂದ ಇದ್ದನೋ.
ಅಮ್ಮನ ಹೊಲಿಗೆ ಡಬ್ಬಿಯಿಂದ ನೀಲಿ ದಾರ ತೆಗೆದ,
ಕತ್ತಿಗೆ ಸುತ್ತಿದ, ಎರಡು ಬೆರಳು ಸಡಿಲ ಬಿಟ್ಟು,
ಹಲ್ಲಿಂದ ಕಡಿದ.
"ಇದನ್ನೂ ಹಾಕು."

ಜುಂಬೇರ್ ಲಕೋಟೆಯನ್ನು ತಕ್ಕಡಿಗೆ ಇಡಲೇ ಇಲ್ಲ,
ಇದಕ್ಕೇನು ತೂಕ, ಎಂದು ಜೇಬಿಗೆ ಸೇರಿಸಿಕೊಂಡ.

ವಾಪಸು ಬರುವಾಗ ಅಪ್ಪ
ಯಾವತ್ತಿನಂತೆ ಹತ್ತು ಮಾರು ಮುಂದೆ ನಡೆಯಲಿಲ್ಲ.
ನನ್ನ ಕುಂಟು ಹೆಜ್ಜೆಗೆ ಹೆಜ್ಜೆ ಕೂಡಿಸಿ ಬಂದ.
ಅವನ ಮಂಡಿ ನೋಯುತ್ತಿತ್ತೋ ಏನೋ.
ಕೇಳಲಿಲ್ಲ.