ಐದನೆಯ ಇಟ್ಟಿಗೆ

ಜೆಪ್ಪುವಿನ ಬಾಗಿಲು ಹಾಕಿದ ಹಂಚಿನ ಕಾರ್ಖಾನೆಯ ಹಿಂದೆ
ನೇತ್ರಾವತಿಗಿಳಿವ ಕಟ್ಟೆಯ ಅಂಚಿಗೆ
ಸೆವ್ರಿನ್ ಬಾಯಿ ಇಟ್ಟಿಗೆ ಪೇರಿಸಿ ತೋರಿಸಿದರು:
ಮೇಲಿನದು ಅರ್ಧ ಹೊರಗೆ,
ಅದರಡಿಯದು ಕಾಲು, ಆಮೇಲೆ ಆರರಲ್ಲೊಂದು, ಎಂಟರಲ್ಲೊಂದು.
ನಾಲ್ಕೇ. ತುದಿಯದರ ಕೆಳಗೆ ಈಗ ಕಟ್ಟೆಯಿಲ್ಲ,
ಬರೀ ನೀರು.

“ಸಿಮೆಂಟು?”
“ಎಂತ ಸಿಮೆಂಟು ಮಾರಾಯ್ತಿ, ಅಳತೆ.”

ಎರಡಿಟ್ಟಿಗೆ ದೂರ ಚಾಚಲು ಮೂವತ್ತೊಂದು ಬೇಕು,
ಮೂರಕ್ಕೆ ಇನ್ನೂರ ಇಪ್ಪತ್ತೇಳು.
ಕಾಲೇಜಿನ ಹಲಗೆಯಲ್ಲಿ ನಾನು ಬರೆಯುವುದೂ ಇದನ್ನೇ;
ಚಾಕ್ ಹಿಡಿದ ಕೈಗೆ ಭಾರ ಗೊತ್ತಿಲ್ಲ.
ಆಚೆ ದಡದ ಉಳ್ಳಾಲಕ್ಕೆ
ಭೂಮಿಯ ಮಣ್ಣೆಲ್ಲ ಸುಟ್ಟರೂ ಸಾಲದು.
ಲೆಕ್ಕ ಮಾತ್ರ ಮುಟ್ಟುತ್ತದೆ.

ಅರ್ಧ, ಅರ್ಧದ ಅರ್ಧ ಎಂದು ನಡೆದದ್ದು
ಒಂದರ ಹೊಸ್ತಿಲಲ್ಲೇ ಕೂತುಬಿಡುತ್ತದೆ.
ಇದು ಕೂರುವುದಿಲ್ಲ.
ಕೂರುವುದಕ್ಕೂ ಕೂರದ್ದಕ್ಕೂ ನಡುವೆ
ಗಡಿಕಲ್ಲು ಹುಡುಕಿದರೆ ಸಿಗದು:
ಅನಂತಕ್ಕೆ ಹೊರಟ ಎಂಥ ನಿಧಾನಿಗೂ
ಇನ್ನೂ ನಿಧಾನದ ತಂಗಿಯೊಬ್ಬಳು
ಹಿಂದೆಯೇ ಹೊರಟಿರುತ್ತಾಳೆ, ಅವಳೂ
ಮುಟ್ಟುವವಳೇ.

ಹೇಳಿದೆ. ಬಾಯಿಗೆ ಕೇಳಿಸಿತೋ ಇಲ್ಲವೋ.
ಐದನೆಯದನ್ನು ಸೆರಗಿನಲ್ಲಿ ಒರೆಸಿ,
ಅದರ ಜಾಗ ಎಲ್ಲಕ್ಕಿಂತ ಅಡಿಗಲ್ಲವೇ,
ನಿಂತ ನಾಲ್ಕನ್ನೂ ಒಂದೊಂದಾಗಿ
ಇಳಿಸತೊಡಗಿದರು.