ಐವತ್ತೊಂಬತ್ತನೆಯ ದಿನ

ಕಾರವಾರದ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ
ನಮ್ಮ ಟೋಕನ್ ಹದಿನಾಲ್ಕು.
ಹನ್ನೊಂದು ಒಳಗೆ ಹೋಗಿ ಬಹಳ ಹೊತ್ತಾಯಿತು,
ಯಾರದೋ ಅಜ್ಜಿಯ ಹೆಬ್ಬೆಟ್ಟನ್ನು ಯಂತ್ರ ಒಪ್ಪುತ್ತಿಲ್ಲವಂತೆ.

ನನ್ನದನ್ನು ಒಪ್ಪೀತೇ ಎಂಬ ಚಿಂತೆ ನನಗೆ.
ಇಪ್ಪತ್ತು ವರ್ಷ ಬೈತಖೋಲದ ಬೋಟುಗಳ ಇಂಜಿನ್ನಿಗೆ
ಕೈ ಹಾಕಿ ಹಾಕಿ, ಬೆರಳಿನ ಗೆರೆಗಳೆಲ್ಲ
ಡೀಸೆಲ್ಲಿಗೆ ಸಂದಾಯವಾಗಿವೆ.
ಬೆಳಿಗ್ಗೆ ಸುಲಕ್ಷಾ ನಿಂಬೆಹೋಳು ಹಚ್ಚಿ ಉಜ್ಜಿದ್ದಳು
ಹಿತ್ತಾಳೆ ತಿಕ್ಕಿದ ಹಾಗೆ.

ಮನೆ ಮಾರುವ ರೇವಣಕರ ಬಾಯಿ
ಮೂರು ಬೀಗದಕೈಯನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ತಂದಿದ್ದರು.
ಹಬ್ಬುವಾಡ, ಎರಡನೇ ಮಾಳಿಗೆ, ಎರಡು ಕೋಣೆ.
ಕಿಟಕಿಗೆ ಸಮುದ್ರ ಕಾಣದು.
ದಿನಾ ನೋಡುವ ಸಮುದ್ರಕ್ಕೆ ಮತ್ತೆ ದುಡ್ಡು ಯಾಕೆ,
ಅಂದಿದ್ದಳು ಸುಲಕ್ಷಾ.

ಆಗ ಬ್ಯಾಂಕಿನ ಹುಡುಗ ಬಂದ,
ಹಣೆಯ ಮೇಲೆ ಹೆಲ್ಮೆಟ್ಟಿನ ಗೆರೆ,
ಫೋಲ್ಡರಿನಲ್ಲಿ ನಾವೆಂದೂ ನೋಡದ ಒಂದು ಹಾಳೆ.
"ಬಡ್ಡಿ ಸ್ವಲ್ಪ ಪರಿಷ್ಕರಣೆ ಆಗಿದೆ. ಎಂಟು ಪಾಯಿಂಟ್ ನಾಲ್ಕಲ್ಲ,
ಎಂಟು ಪಾಯಿಂಟ್ ಒಂಬತ್ತು.
ಆಮೇಲೆ ಸಾಲಕ್ಕೆ ವಿಮೆ, ಕಡ್ಡಾಯ, ಮೂವತ್ತೆಂಟು ಸಾವಿರ,
ಡಿ.ಡಿ.ಯಲ್ಲೇ ಮುರಿದುಕೊಂಡಿದ್ದೇವೆ.
ಇಲ್ಲಿ, ಇಲ್ಲಿ, ಇಲ್ಲಿ ಸಹಿ."

ನಾನು ಪೆನ್ನು ತೆಗೆದೆ. ಸುಳ್ಳು ಯಾಕೆ ಹೇಳಲಿ.
ಸ್ಟಾಂಪಿಗೆ ಕಟ್ಟಿಯಾಗಿದೆ, ಕೆಲಸಕ್ಕೆ ರಜೆ ಹೇಳಿಯಾಗಿದೆ,
ಬಾಡಿಗೆಮನೆಗೆ ಬೇರೆಯವರು ಮುಂಗಡ ಕೊಟ್ಟಾಗಿದೆ.
ದಕ್ಕೆ ಮುಟ್ಟಿದ ಬೋಟಿನಲ್ಲಿ ನಿಂತು
ಯಾರು ಜಗಳ ತೆಗೆಯುತ್ತಾರೆ?

ಸುಲಕ್ಷಾ ತೆಗೆಯುತ್ತಾಳೆ.

ಕೈಚೀಲದಿಂದ ಮಂಜೂರಾತಿ ಪತ್ರ ಬಂತು,
ಮಡಿಕೆ ಹರಿಯದಂತೆ ಹಿಂದೆ ಸೆಲೋಟೇಪು,
ಇಂಗ್ಲಿಷಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ ಅವಳ ಕನ್ನಡ.
"ಒಂಬತ್ತನೇ ಕಲಮು: ಈ ದರ ಅರವತ್ತು ದಿನ ಊರ್ಜಿತ.
ಇವತ್ತು ಐವತ್ತೊಂಬತ್ತು.
ಹದಿನಾರು: ವಿಮೆ ಸಾಲಗಾರರ ಇಚ್ಛೆ.
ನನಗೆ ಇಚ್ಛೆ ಇಲ್ಲ."

"ಮೇಡಂ, ಸಿಸ್ಟಮ್ ತಗೊಳ್ಳೋದಿಲ್ಲ."

"ಇದರ ಮೇಲೆ ಸಹಿ ಹಾಕಿದ್ದು ಸಿಸ್ಟಮ್ ಅಲ್ಲ, ನಿಮ್ಮ ಮ್ಯಾನೇಜರು.
ಬರೆದುಕೊಟ್ಟ ದರ ಕೊಡುವುದಿಲ್ಲ ಅಂತ
ಒಂದು ಸಾಲು ಬರೆದು ಸೀಲು ಹೊಡೆದು ಕೊಡಿ.
ಎದ್ದು ಹೋಗುತ್ತೇವೆ."

ಅವಳ ಆಯಿ ಮೀನುಪೇಟೆಯಲ್ಲಿ ಕೂತವಳು. ಅಕ್ಷರ ಬಾರದು.
ಬಂಗಡೆ ಎಣಿಸಿ ಪಾಲು ಹಾಕಿ ಇಷ್ಟು ಅಂದರೆ ಇಷ್ಟೇ.
ಅಷ್ಟರಲ್ಲಿ ಗೋವೆಯ ಲಾರಿ ಬಂದು ದರ ದುಪ್ಪಟ್ಟಾದರೂ
ಗಿರಾಕಿ ಚೀಲ ಬಿಡಿಸಿ ಹಿಡಿದಿದ್ದರೆ ಮುಗಿಯಿತು,
ಲಾರಿಗೂ ಗಿರಾಕಿಗೂ ಸೇರಿಸಿ ಬೈಯುತ್ತ
ಅದೇ ದರಕ್ಕೆ ಸುರಿಯುತ್ತಿದ್ದಳು.

ಹದಿನಾಲ್ಕು ಕೂಗಿದರು. ನಾವು ಏಳಲಿಲ್ಲ.
ಹಿಂದಿನ ಸಾಲಿನವರು ಏನೇನೋ ಅಂದರು.
ರೇವಣಕರ ಬಾಯಿ ಬಹಳ ಹೊತ್ತು ಲೆಕ್ಕ ಹಾಕಿ,
"ಅಂದರೆ ಆ ಮೂವತ್ತೆಂಟು ನನಗೆ ಬರೋದರಲ್ಲೇ ಕಡಿಮೆಯಾ?" ಅಂದರು,
ಕುರ್ಚಿ ಎಳೆದು ಸುಲಕ್ಷಾಳ ಪಕ್ಕ ಕೂತರು.

ಹುಡುಗ ಜಗಲಿಗೆ ಹೋಗಿ ಫೋನಿನಲ್ಲಿ ಬೈಸಿಕೊಂಡ.
ಕಿಟಕಿಯಿಂದ ಕೇಳುತ್ತಿತ್ತು:
ಸರ್. ಇಲ್ಲ ಸರ್. ಹೇಳಿದೆ ಸರ್.
ಅವರು ಓದಿಬಿಟ್ಟಿದ್ದಾರೆ ಸರ್.
ಮಗುವಿನಂಥ ಮುಖ, ಊಟ ಮಾಡಿದ ಹಾಗೆ ಕಾಣಲಿಲ್ಲ.
ಸುಲಕ್ಷಾ ನಮ್ಮ ಡಬ್ಬಿಯಿಂದ ಒಂದು ಚಪಾತಿ ಸುತ್ತಿ ಕೊಟ್ಟಳು,
ಬಡ್ಡಿಯಲ್ಲಿ ಮಾತ್ರ ಒಂದು ಪೈಸೆ ಬಿಡಲಿಲ್ಲ.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಹೊಸ ಡಿ.ಡಿ. ಬಂತು.
ಎಂಟು ಪಾಯಿಂಟ್ ನಾಲ್ಕು. ವಿಮೆ ಇಲ್ಲ.
ದಾಖಲೆ ಶುಲ್ಕವೆಂದು ಸಾವಿರದ ನೂರಾ ಎಂಬತ್ತು ಮಾತ್ರ
ಯಾವ ಕಲಮಿನಲ್ಲೂ ಇಲ್ಲದ್ದು, ಹೋಯಿತು.
ಗಡಿಯಾರ ನೋಡಿ ಕೊಟ್ಟಳು,
ರಸೀದಿ ತೆಗೆದುಕೊಂಡಳು.

ನಾಲ್ಕನೇ ಸಲಕ್ಕೆ ಯಂತ್ರ ನನ್ನ ಹೆಬ್ಬೆಟ್ಟನ್ನು ನಂಬಿತು.

ರಾತ್ರಿ ಖಾಲಿ ಕೋಣೆಯಲ್ಲಿ ಚಾಪೆ ಹಾಸಿ
ರಸೀದಿಯ ಹಿಂದೆ ಅವಳು ಬರೆಯುತ್ತಿದ್ದಳು:
ಸೋಮವಾರ ಕೇಳುವುದು.
ನಾನು ಜೇಬಿನಿಂದ ಪೆನ್ನು ತೆಗೆದಿಟ್ಟೆ.
ಅದರ ಮುಚ್ಚಳ ಇರಲಿಲ್ಲ,
ಮಧ್ಯಾಹ್ನ ಅಲ್ಲೇ ಕುರ್ಚಿಯಡಿ ಬಿದ್ದಿರಬೇಕು.
ಅಂಗಿಯ ಮೇಲೆ ಅಂಗೈಯಗಲ ಶಾಯಿ.

ಅವಳು ನೋಡಿದಳು. ಏನೂ ಅನ್ನಲಿಲ್ಲ.
ನಿಂಬೆಹೋಳು ಇನ್ನೂ ಅರ್ಧ ಉಳಿದಿದೆ, ಅಂದಳು.