ಗಾಜಿನಡಿಯ ಪುಡಿ

ಮೊದಲೇ ಹೇಳಿಬಿಡುತ್ತೇನೆ: ಆ ಹೂಜಿ ನನ್ನದು.
ಹಾಲಿನ ಹೂಜಿ, ಕಂದು ಬಣ್ಣ, ಹಿಡಿ ಮುರಿದದ್ದು.
ಚಿತ್ರದಲ್ಲಿ ನೀಲಿಯಾಗಿದೆ.
ಹಿಡಿಯೂ ಇದೆ.

ಗೆಂಟ್ ಪಟ್ಟಣ, ಲೇಯ ನದಿಗೆ ಬೆನ್ನು ಮಾಡಿದ ಮನೆ,
ಮೂರನೆಯ ಮಹಡಿ, ಉತ್ತರದ ಕಿಟಕಿ.
ಎವಾರಿಸ್ಟ್ ಯಜಮಾನರ ಆ ಕೋಣೆಯಲ್ಲಿ
ಹನ್ನೊಂದು ವರ್ಷ ಕಸ ಗುಡಿಸಿದೆ.
ಕಸವೆಂದರೆ ಎಂಥ ಕಸ!
ಸಂಜೆ ಹೊತ್ತಿಗೆ ಹಲಗೆಯ ಕೆಳಗೆ
ಗಂಧಕದ ಹಳದಿ, ಒಣಗಿದ ನೆತ್ತರಿನ ಕೆಂಪು,
ಹೆಸರಿಡಲಾಗದ ಒಂದು ನೇರಳೆ.
ಪೊರಕೆ ತಾಗಿದರೆ ಏಳುವ ಮೋಡ;
ಮೂಗು ಸೀಟಿದರೆ ಕರವಸ್ತ್ರದಲ್ಲಿ ವಸಂತ.

ಮಾತೆತ್ತಿದರೆ, "ಕಿಟಕಿ ತೆರೆಯಬೇಡ, ಗೊದೆಲೀವ."
ಅಂಟುನೀರು ಊದಿ ಪುಡಿಯನ್ನು ಕೂರಿಸುವ ಕೊಳವೆ
ಪೆಟ್ಟಿಗೆಯಲ್ಲೇ ತುಕ್ಕು ಹಿಡಿಯಿತು.
"ಅಂಟಿಕೊಂಡ ಬಣ್ಣ ಮಂಕು," ಎನ್ನುವರು,
"ಹಾರಿಹೋಗಬಲ್ಲದ್ದು ಮಾತ್ರ ಬೆಳಗುತ್ತದೆ."
ಬಾಡಿಗೆ ಕೇಳಲು ಬಂದವನಿಗೂ ಇದನ್ನೇ ಹೇಳಿದರು.
ಅವನು ತಲೆ ಕೆರೆದುಕೊಂಡು
ಮುಂದಿನ ತಿಂಗಳು ಬಂದ.

ಅಳಿಸಲು ಬೇಕಾದದ್ದು ಬ್ರೆಡ್ಡಿನ ತಿರುಳು.
ರಾತ್ರಿಯೂಟಕ್ಕೆ ತಂದದ್ದು ಮಧ್ಯಾಹ್ನವೇ ಟೊಳ್ಳು.
ತೊಗಟೆ ನಮ್ಮಿಬ್ಬರಿಗೆ, ಸೂಪಿನಲ್ಲಿ ಅದ್ದಿ;
ಬಣ್ಣ ಕುಡಿದ ತುಣುಕು, ಅಡುಗೆಮನೆ ಕಿಟಕಿಯಿಂದ, ಗುಬ್ಬಿಗಳಿಗೆ.
ಆ ವರ್ಷ ನಮ್ಮ ಸೂರಿನ ಗುಬ್ಬಿಗಳ ಕೊಕ್ಕು ನೀಲಿಯಿತ್ತು
ಎಂದರೆ ಯಾರೂ ನಂಬುವುದಿಲ್ಲ.

ಶುಕ್ರವಾರದ ಸಂತೆಯಿಂದ ಹೂವು ತಂದವಳೂ ನಾನೇ,
ಕುಂಟಿ ಸೀಡೋನಿಯ ಹತ್ತಿರ ಚೌಕಾಸಿ ಮಾಡಿ:
ಅನಿಮೋನಿ ಆರು, ಗಸಗಸೆ ಹೂವು ಮೂರು,
ಜಿರೇನಿಯಂ ಒಂದು ಗೊಂಚಲು.
ಭಾನುವಾರಕ್ಕೆ ಗಸಗಸೆ ಉದುರಿತು.
ಮಂಗಳವಾರ ನೀರು ನಾರಿತು.
ಗುರುವಾರ, ಕೇಳದೆಯೇ, ಎಲ್ಲ ತಿಪ್ಪೆಗೆ ಎಸೆದು
ಹೂಜಿ ತೊಳೆದು ಬೋರಲು ಹಾಕಿದೆ.
ಅವರು ತಿರುಗಿಯೂ ನೋಡಲಿಲ್ಲ.
ಬರಿ ಮೇಜನ್ನೇ ದಿಟ್ಟಿಸುತ್ತ
ಇನ್ನೂ ಹದಿನೇಳು ದಿನ ಬರೆದರು.
ಅಷ್ಟೂ ದಿನ ಹಾಳೆಯ ಮೇಲೆ
ಹೂವು ಹೆಚ್ಚುತ್ತಲೇ ಹೋಯಿತು.

ಕೊನೆಗೊಂದು, ಹೂಜಿಯ ಹೊರಗೆ,
ಮೇಜಿನ ಮೇಲೆ ಒಂಟಿಯಾಗಿ ಮಲಗಿದ್ದು:
ನಡುವೆ ಕಣ್ಣಿನ ಹಾಗೆ ಕಪ್ಪು, ಅಂಚಿಗೆ ಬರುತ್ತ ಬೆಳಕು.
ಅದರ ನೀಲಿ ಆಕಾಶದ್ದಲ್ಲ, ನೀರಿನದೂ ಅಲ್ಲ;
ಗ್ಯಾಸ್ ದೀಪದ ತಿರುಪು ತಿರುವಿದಾಗ
ಆರುವ ಮುಂಚೆ ಒಂದು ಗಳಿಗೆ ಕಾಣುತ್ತದಲ್ಲ, ಅದು.
"ಇದನ್ನು ನಾನು ತಂದಿಲ್ಲ," ಎಂದೆ.
ಲೆಕ್ಕ ಲೆಕ್ಕವೇ.
"ಹೌದು," ಎಂದರು,
ಅದರ ನೆರಳನ್ನು ಬೆರಳಿನಿಂದ ಉಜ್ಜುತ್ತ.

ಸೀಡೋನಿಯನ್ನೇ ಕರೆತಂದೆ, ಮೂರು ಮಹಡಿ, ಊರುಗೋಲಿನೊಂದಿಗೆ.
ಏದುಸಿರು ನಿಲ್ಲುವ ತನಕ ನೋಡಿದಳು,
ನಿಂತ ಮೇಲೂ ನೋಡಿದಳು.
"ಇಂಥ ಹೂವು ನಮ್ಮ ಸೀಮೆಯಲ್ಲಿಲ್ಲ.
ಗಾಜಿನಮನೆಯ ತೋಟಗಾರರ ಹತ್ತಿರವೂ ಇಲ್ಲ."
ಆಮೇಲೆ ಬಗ್ಗಿ, ದನಿ ತಗ್ಗಿಸಿ,
"ಆದರೆ ದೇಟು ನೋಡು. ಎಡಕ್ಕೆ ಓರೆ,
ತುದಿಯಲ್ಲಿ ಒಂದು ಸಿಬಿರು.
ಕೊಯ್ದದ್ದು ನನ್ನ ಮುಕ್ಕಾದ ಚಾಕುವೇ."
ಇಳಿಯುವಾಗ ಮೆಟ್ಟಿಲು ಮೆಟ್ಟಿಲಿಗೂ ನಿಂತು
ತನ್ನ ಕೈ ತಾನೇ ನೋಡಿಕೊಂಡಳು.

ಎರಡು ಚಳಿಗಾಲ ಕಳೆದು
ಅವರ ಎದೆ ಆ ಪುಡಿಯನ್ನು ತಾಳಲಿಲ್ಲ.
ಬಾಡಿಗೆಯ ಬಾಕಿಗೆ ಚಿತ್ರಗಳು ಹೋದವು.
ಕಟ್ಟು ಹಾಕುವವನು ಗಾಜನ್ನು ಹಾಳೆಯಿಂದ
ಒಂದು ಕಾಳಿನಷ್ಟು ದೂರ ನಿಲ್ಲಿಸಿದ.
ಗಾಡಿ ಕಲ್ಲುಹಾಸಿನ ಮೇಲೆ ಕುಲುಕಿದಾಗಲೆಲ್ಲ
ಬೀದಿಯ ಈ ತುದಿಯಲ್ಲಿ ನಾನು ಉಸಿರು ಬಿಗಿಹಿಡಿದೆ.

ಈಗ ಅದು ವಸ್ತುಸಂಗ್ರಹಾಲಯದಲ್ಲಿದೆ. ಭಾನುವಾರ ಪುಕ್ಕಟೆ.
ಜನ ಹೂವು ನೋಡುತ್ತಾರೆ, ತಲೆ ವಾಲಿಸಿ,
ಆತ್ಮ, ಕನಸು ಎಂದೇನೋ ಹೇಳಿಕೊಳ್ಳುತ್ತಾರೆ.
ನನ್ನ ಕಣ್ಣು ನೇರ ಕೆಳಗಿಳಿಯುತ್ತದೆ.
ಗಾಜಿನಡಿಗೆ, ಕಟ್ಟಿನ ಒಳಅಂಚಿನಲ್ಲಿ,
ಕೂದಲೆಳೆಯಷ್ಟು ನೀಲಿ ಪುಡಿ ಉದುರಿ ಕೂತಿದೆ.
ಹೋದ ವರ್ಷಕ್ಕಿಂತ ತುಸು ಜಾಸ್ತಿ.

ಕಾವಲಿನವನು ಪಕ್ಕದ ಕೋಣೆಗೆ ಹೋದಾಗ
ಗಾಜಿನ ಹತ್ತಿರಕ್ಕೆ ಮುಖ ತಂದು ಹೇಳುತ್ತೇನೆ:
ಗುಡಿಸುವುದಿಲ್ಲ. ಹೆದರಬೇಡಿ.